ಎರಡು ಆಡಳಿತಗಳಿಗೂ ಬೇಡವಾದ ಪ್ರಧಾನಿ

ಇರಾನ್ ಕುರಿತ ಚರ್ಚೆಗಳು ಸಾಮಾನ್ಯವಾಗಿ 1979ರ ಇಸ್ಲಾಮಿಕ್ ಕ್ರಾಂತಿಯಿಂದ ಆರಂಭವಾಗುತ್ತವೆ. ಒಂದೆಡೆ ಧರ್ಮಗುರುಗಳ ಬಿಗಿ ಆಡಳಿತ, ಇನ್ನೊಂದೆಡೆ ಅಮೆರಿಕದೊಡನೆ ತೀರದ ಹಗೆತನ, ನಡುವೆ ಆಗಾಗ ಬೀದಿಗಿಳಿದು ಪೆಟ್ಟು ತಿನ್ನುವ ಯುವಜನ. ನಮಗೆ ಪರಿಚಿತವಾದ ಇರಾನಿನ ಚಿತ್ರ ಇಷ್ಟೇ. ಆದರೆ ಈ ಚಿತ್ರದ ಹಿಂದೆ ಇನ್ನೊಂದು ಇರಾನ್ ಇದೆ. ಚುನಾಯಿತ ಸಂಸತ್ತು, ತಮ್ಮನ್ನು ನಿಂದಿಸಿದ ಪತ್ರಿಕೆಗಳ ಮೇಲೂ ಕ್ರಮ ಬೇಡವೆಂದ ಪ್ರಧಾನಿ, ದೊರೆಯೂ ಸಂವಿಧಾನಕ್ಕೆ ಬದ್ಧನಾಗಿರಬೇಕೆಂಬ ಹಟ ಇವೆಲ್ಲ ಇದ್ದ ಇರಾನ್ ಅದು. ಇಪ್ಪತ್ತೆಂಟು ತಿಂಗಳು ಉಸಿರಾಡಿ 1953ರ ಆಗಸ್ಟಿನಲ್ಲಿ ಅದು ನೆಲಕಚ್ಚಿತು. ಆ ಇರಾನಿನ ಹೆಸರು ಮೊಹಮ್ಮದ್ ಮೊಸಾದೆಗ್.

ಮೊಸಾದೆಗ್ ಬೀದಿಯಿಂದ ಎದ್ದುಬಂದ ನಾಯಕರಲ್ಲ. 1882ರಲ್ಲಿ ಟೆಹರಾನಿನಲ್ಲಿ ಹುಟ್ಟಿದ ಅವರ ತಂದೆ ಕಾಜಾರ್ ಅರಸರ ಹಣಕಾಸು ಇಲಾಖೆಯ ಉನ್ನತಾಧಿಕಾರಿ. ತಾಯಿ ಅದೇ ರಾಜಮನೆತನದ ಹೆಣ್ಣುಮಗಳು. ಟೆಹರಾನಿನಲ್ಲಿ ನಜ್ಮಿಯೆ ಆಸ್ಪತ್ರೆಯನ್ನು ಸ್ಥಾಪಿಸಿದವರು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ಮೊಸಾದೆಗ್ ಹದಿಹರೆಯದಲ್ಲೇ ಖೊರಾಸಾನ್ ಪ್ರಾಂತದ ಲೆಕ್ಕಪತ್ರಗಳ ಹೊಣೆ ಹೊತ್ತರು. ಖಜಾನೆಗೆ ಬರುವ ಹಣವೆಷ್ಟು, ದಾರಿಯಲ್ಲಿ ಸೋರಿಹೋಗುವುದೆಷ್ಟು ಎಂಬುದನ್ನು ಹತ್ತಿರದಿಂದ ನೋಡಿದ ಅನುಭವ ಅವರ ರಾಜಕಾರಣಕ್ಕೆ ಕೊನೆಯವರೆಗೂ ತಳಹದಿಯಾಗಿ ಉಳಿಯಿತು.

1905ರಲ್ಲಿ ಆರಂಭವಾದ ಸಂವಿಧಾನ ಚಳವಳಿ ಅವರ ಎರಡನೆಯ ಪಾಠಶಾಲೆ. ವರ್ತಕರು, ಮುಲ್ಲಾಗಳು, ವಿದ್ಯಾವಂತರು ಒಟ್ಟುಗೂಡಿ ದೊರೆಯ ಕೈಯಿಂದ ಮಜ್ಲಿಸ್ ಎಂಬ ಸಂಸತ್ತನ್ನು ಪಡೆದ ಕಾಲವದು. ಮೊದಲ ಮಜ್ಲಿಸ್‌ಗೆ ಇಸ್ಫಹಾನಿನಿಂದ ಆಯ್ಕೆಯಾದರೂ ಮೂವತ್ತು ವರ್ಷ ತುಂಬಿರಲಿಲ್ಲವಾಗಿ ಅವರಿಗೆ ಸ್ಥಾನ ದಕ್ಕಲಿಲ್ಲ. ಬಳಿಕ ಪ್ಯಾರಿಸ್ಸಿನಲ್ಲೂ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲೂ ಓದಿ, ಇಸ್ಲಾಮೀ ಕಾನೂನಿನಲ್ಲಿ ಉಯಿಲಿನ ವಿಷಯವಾಗಿ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಯೂರೋಪಿನ ನ್ಯಾಯಶಾಸ್ತ್ರವನ್ನೂ ತಮ್ಮ ನಾಡಿನ ಧರ್ಮಶಾಸ್ತ್ರವನ್ನೂ ಒಟ್ಟಿಗೆ ಓದಿಕೊಂಡ ಈ ಮನುಷ್ಯ ಮುಂದೆ ಅರಮನೆಗೂ ಮಠಕ್ಕೂ ಏಕಕಾಲಕ್ಕೆ ನುಂಗಲಾರದ ತುತ್ತಾದದ್ದು ಆಕಸ್ಮಿಕವಲ್ಲ.

ಸೇನಾನಿ ರೆಜಾ ಖಾನ್ 1921ರಲ್ಲಿ ಟೆಹರಾನನ್ನು ವಶಪಡಿಸಿಕೊಂಡಾಗ ಮೊಸಾದೆಗ್ ಫಾರ್ಸ್ ಪ್ರಾಂತದ ಗವರ್ನರ್. ಆ ಕ್ಷಿಪ್ರಕ್ರಾಂತಿಯನ್ನು ಒಪ್ಪಲಾರದೆ ಹುದ್ದೆ ಬಿಟ್ಟರು. ಮುಂದೆ ಹಣಕಾಸು, ವಿದೇಶಾಂಗ ಖಾತೆಗಳನ್ನು ನಿರ್ವಹಿಸಿದರೂ 1925ರಲ್ಲಿ ರೆಜಾ ಖಾನ್ ತಾನೇ ದೊರೆಯಾಗಲು ಹೊರಟಾಗ ಮಜ್ಲಿಸ್‌ನಲ್ಲಿ ಎದ್ದುನಿಂತು ವಿರೋಧಿಸಿದ ಬೆರಳೆಣಿಕೆಯ ಸದಸ್ಯರಲ್ಲಿ ಅವರೊಬ್ಬರು. ಅವರ ವಾದ ಸರಳವಾಗಿತ್ತು. ಸಮರ್ಥ ಪ್ರಧಾನಿಯೊಬ್ಬ ದೊರೆಯಾಗಿ ಸುಮ್ಮನೆ ಕುಳಿತರೆ ನಾಡಿಗೆ ಅವನ ಸೇವೆ ತಪ್ಪುತ್ತದೆ. ದೊರೆಯಾಗಿಯೂ ಅಧಿಕಾರ ನಡೆಸಿದರೆ ಸಂವಿಧಾನವೇ ಅಳಿಯುತ್ತದೆ. ಎರಡನೆಯದೇ ನಿಜವಾಯಿತು. ಮೊಸಾದೆಗ್ ರಾಜಕೀಯದಿಂದ ದೂರ ಸರಿಯಬೇಕಾಯಿತು. 1940ರಲ್ಲಿ ಅವರನ್ನು ಬಂಧಿಸಿ ದೂರದ ಬಿರ್ಜಾಂದಿನ ಸೆರೆಗೆ ಅಟ್ಟಲಾಯಿತು. ತಂದೆಯನ್ನು ಎಳೆದೊಯ್ದ ಆಘಾತದಿಂದ ಕಿರಿಯ ಮಗಳ ಮನಸ್ಸು ಕದಡಿತು. ಆಕೆ ಮತ್ತೆಂದೂ ಚೇತರಿಸಿಕೊಳ್ಳಲಿಲ್ಲ. ಮರುವರ್ಷ ಬ್ರಿಟಿಷ್ ಮತ್ತು ಸೋವಿಯತ್ ಪಡೆಗಳು ಇರಾನಿಗೆ ನುಗ್ಗಿ ರೆಜಾ ಷಾ ಸಿಂಹಾಸನ ಬಿಡುವಂತೆ ಮಾಡಿದವು. ಮಗ ಮೊಹಮ್ಮದ್ ರೆಜಾ ಪಟ್ಟವೇರಿದ.

ಇಲ್ಲಿ ತೈಲದ ಕಥೆಯನ್ನು ಹೇಳದೆ ಮುಂದುವರಿಯುವಂತಿಲ್ಲ. 1901ರಲ್ಲಿ ವಿಲಿಯಂ ಡಾರ್ಸಿ ಎಂಬ ಉದ್ಯಮಿಗೆ ಕಾಜಾರ್ ದೊರೆ ಇರಾನಿನ ಬಹುಭಾಗದ ತೈಲದ ಹಕ್ಕನ್ನು 60 ವರ್ಷಗಳ ಕಾಲ ಬರೆದುಕೊಟ್ಟಿದ್ದ. ಇರಾನಿನ ಪಾಲು ನಿವ್ವಳ ಲಾಭದ ಶೇ 16. 1908ರಲ್ಲಿ ಮಸ್ಜಿದ್ ಸುಲೇಮಾನ್‌ನಲ್ಲಿ ತೈಲ ಚಿಮ್ಮಿತು. ಡಾರ್ಸಿಯ ಕೈ ಬರಿದಾದಾಗ ಬಂಡವಾಳ ಹೂಡಿದ್ದು ಬರ್ಮಾ ಆಯಿಲ್ ಕಂಪೆನಿ. ನಮ್ಮ ಹಿರಿಯರಿಗೆ ಬರ್ಮಾ ಷೆಲ್ ಪೆಟ್ರೋಲ್ ಬಂಕುಗಳ ಮೂಲಕ ಪರಿಚಿತವಾದ ಅದೇ ಸಂಸ್ಥೆ. 1914ರಲ್ಲಿ ಬ್ರಿಟಿಷ್ ಸರ್ಕಾರವೇ ಹೊಸ ಕಂಪೆನಿಯ ಬಹುಪಾಲು ಷೇರು ಕೊಂಡಿತು. ಬ್ರಿಟನ್ನಿನ ಯುದ್ಧನೌಕೆಗಳು ಇರಾನಿನ ತೈಲದಿಂದ ಓಡತೊಡಗಿದವು. ಅಬಾದಾನ್‌ನಲ್ಲಿ ಎದ್ದ ಶುದ್ಧೀಕರಣ ಘಟಕ ಮುಂದೆ ಜಗತ್ತಿನಲ್ಲೇ ದೊಡ್ಡದೆನಿಸಿತು. ಅಲ್ಲಿ ಆರಂಭದ ದಶಕಗಳಲ್ಲಿ ಭಾರತದಿಂದ ಹೋದ ಕೆಲಸಗಾರರೂ ಸಾವಿರಾರು ಮಂದಿ ಇದ್ದರು. ಇಂಗ್ಲಿಷ್ ಅಧಿಕಾರಿಗಳಿಗೆ ಹುಲ್ಲುಹಾಸಿನ ಬಂಗಲೆಗಳು, ಈಜುಕೊಳಗಳು, ಕ್ಲಬ್ಬುಗಳು. ಇರಾನಿ ಕೂಲಿಗಳಿಗೆ ತಗಡು, ರಟ್ಟುಗಳ ಗುಡಿಸಲ ಕೇರಿ. ಅದರ ಹೆಸರೇ ಕಾಗದಾಬಾದ್. ಕಂಪೆನಿ ಇರಾನಿಗೆ ಕೊಡುತ್ತಿದ್ದ ರಾಜಧನಕ್ಕಿಂತ ಬ್ರಿಟಿಷ್ ಖಜಾನೆಗೆ ಕಟ್ಟುತ್ತಿದ್ದ ತೆರಿಗೆಯೇ ಹೆಚ್ಚಾಗಿತ್ತು. ಕಂಪೆನಿಯ ಲೆಕ್ಕಪುಸ್ತಕ ನೋಡುವ ಹಕ್ಕೂ ಇರಾನಿಗೆ ಇರಲಿಲ್ಲ. ಹದಿಹರೆಯದಲ್ಲೇ ಲೆಕ್ಕ ಓದಲು ಕಲಿತವರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಿರಲಿಲ್ಲ.

1944ರಲ್ಲಿ ಮಜ್ಲಿಸ್‌ಗೆ ಮರಳಿದ ಮೊಸಾದೆಗ್, ವಿದೇಶೀಯರೊಡನೆ ಸರ್ಕಾರ ತೈಲದ ಮಾತುಕತೆಯನ್ನೇ ನಡೆಸದಂತೆ ತಡೆಯುವ ಕಾನೂನು ತಂದರು. ಆಗ ಉತ್ತರದ ತೈಲದ ಮೇಲೆ ಕಣ್ಣಿಟ್ಟಿದ್ದುದು ಸೋವಿಯತ್ ಒಕ್ಕೂಟ. ಒಬ್ಬ ಬಲಾಢ್ಯನಿಗೆ ಕೊಟ್ಟದ್ದನ್ನು ಇನ್ನೊಬ್ಬನಿಗೂ ಕೊಟ್ಟು ತೂಗುವುದಕ್ಕಿಂತ ಯಾರಿಗೂ ಕೊಡದೆ ಸಮತೋಲ ಕಾಯುವುದು ಅವರ ವಿದೇಶಾಂಗ ನೀತಿಯ ತಿರುಳು. ಅಲಿಪ್ತ ನೀತಿಯ ಪರಿಚಯವಿರುವ ಭಾರತೀಯ ಓದುಗರಿಗೆ ಇದು ಅಪರಿಚಿತವೆನಿಸಲಾರದು. 1949ರಲ್ಲಿ ಅವರ ನೇತೃತ್ವದಲ್ಲಿ ರಾಷ್ಟ್ರೀಯ ರಂಗ ರೂಪುಗೊಂಡಿತು. 1950ರ ಕೊನೆಗೆ ನೆರೆಯ ಸೌದಿ ಅರೇಬಿಯಾಕ್ಕೆ ಅಮೆರಿಕನ್ ಕಂಪೆನಿಗಳು ಲಾಭದ ಅರ್ಧಪಾಲು ಒಪ್ಪಿಕೊಂಡವು. ಬ್ರಿಟಿಷ್ ಕಂಪೆನಿಗೆ ಈ ವಿವೇಕ ಹೊಳೆಯುವ ವೇಳೆಗೆ ಕಾಲ ಮಿಂಚಿತ್ತು. 1951ರ ಮಾರ್ಚ್ 15ರಂದು ಮಜ್ಲಿಸ್ ತೈಲೋದ್ಯಮದ ರಾಷ್ಟ್ರೀಕರಣಕ್ಕೆ ಒಪ್ಪಿಗೆ ನೀಡಿತು. ಏಪ್ರಿಲ್ ಕೊನೆಯಲ್ಲಿ ಮೊಸಾದೆಗ್ ಪ್ರಧಾನಿಯಾದರು.

ಪ್ರಧಾನಿಯಾದ ಆರಂಭದಲ್ಲೇ ಅವರು ಪೊಲೀಸರಿಗೆ ನೀಡಿದ ಸೂಚನೆಯೊಂದನ್ನು ನೆನೆಯಬೇಕು. ಪತ್ರಿಕೆಗಳು ತಮ್ಮ ಬಗ್ಗೆ ಏನು ಬರೆದರೂ ಅವುಗಳ ಮೇಲೆ ಕ್ರಮ ಕೈಗೊಳ್ಳಬಾರದೆಂದು ಅವರು ತಿಳಿಸಿದರು. ಇರಾನಿನಲ್ಲಿ ಅದಕ್ಕೆ ಮೊದಲೂ ಆಮೇಲೂ ಅಂಥ ಸೂಚನೆ ಅಪರೂಪ. ಪಾಶ್ಚಾತ್ಯ ಪತ್ರಿಕೆಗಳು ಮಾತ್ರ ಅವರಲ್ಲಿ ಕಂಡದ್ದು ಬೇರೆ. ಕಾಯಿಲೆಯ ದೇಹದ ಮುದುಕ, ಮಂಚದ ಮೇಲೆ ಕುಳಿತೇ ರಾಜ್ಯಭಾರ ಮಾಡುತ್ತಾನೆ, ಭಾಷಣದ ನಡುವೆ ಅಳುತ್ತಾನೆ, ಮೂರ್ಛೆ ಹೋಗುತ್ತಾನೆ ಎಂದು ಅವು ಗೇಲಿ ಮಾಡಿದವು. ಅದೇ ಮುದುಕ 1951ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿಗೆ ಹೋಗಿ ಭದ್ರತಾ ಮಂಡಳಿಯೆದುರು ತಮ್ಮ ದೇಶದ ವಾದ ಮಂಡಿಸಿದರು. ಆ ವರ್ಷದ ವ್ಯಕ್ತಿಯೆಂದು ಟೈಮ್ ಪತ್ರಿಕೆ ಅವರನ್ನು ಹೆಸರಿಸಿತು. 1952ರ ಜುಲೈನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಈ ವಿವಾದ ತನ್ನ ವ್ಯಾಪ್ತಿಗೆ ಬಾರದೆಂದು ತೀರ್ಪಿತ್ತಿತು. ಬ್ರಿಟಿಷ್ ನ್ಯಾಯಾಧೀಶರೂ ಇರಾನಿನ ಪರವಾದ ಬಹುಮತದೊಂದಿಗೇ ನಿಂತರು.

ನ್ಯಾಯ ಗೆದ್ದರೂ ಹೊಟ್ಟೆ ತುಂಬಲಿಲ್ಲ. ಬ್ರಿಟನ್ ತಂತ್ರಜ್ಞರನ್ನು ಹಿಂದಕ್ಕೆ ಕರೆಸಿಕೊಂಡಿತು. ಇರಾನಿನ ತೈಲ ಕೊಳ್ಳುವವರನ್ನು ಬೆದರಿಸಿತು. ತೈಲ ಹೊತ್ತು ಹೊರಟ ರೋಸ್ ಮೇರಿ ಎಂಬ ಹಡಗನ್ನು ಏಡನ್‌ನಲ್ಲಿ ತಡೆದ ಮೇಲೆ ಬೇರೆಯವರು ಹತ್ತಿರ ಸುಳಿಯಲು ಹೆದರಿದರು. ಖಜಾನೆ ಬತ್ತಿತು. ಈ ನಡುವೆ 1952ರ ಜುಲೈನಲ್ಲಿ ಸೇನೆಯ ಖಾತೆ ಚುನಾಯಿತ ಸರ್ಕಾರದ ಕೈಯಲ್ಲಿರಬೇಕೆಂದು ಮೊಸಾದೆಗ್ ಕೇಳಿದರು. ಷಾ ನಿರಾಕರಿಸಿದಾಗ ರಾಜೀನಾಮೆಯಿತ್ತು ಮನೆಗೆ ನಡೆದರು. ಜುಲೈ 21ರಂದು ಜನ ಬೀದಿಗಿಳಿದರು. ಗುಂಡೇಟಿಗೆ ಹಲವರು ಬಲಿಯಾದರು. ದೊರೆ ಮಣಿದು ಅವರನ್ನು ಮರಳಿ ಕರೆದ. ಇರಾನಿನ ಪ್ರತಿಭಟನೆಗಳ ಇತಿಹಾಸದಲ್ಲಿ ಚುನಾಯಿತ ಪ್ರಧಾನಿಯನ್ನು ಉಳಿಸಿಕೊಳ್ಳಲು ಜನ ಪ್ರಾಣ ಕೊಟ್ಟ ದಿನವದು.

ಮೊಸಾದೆಗ್ ಅವರನ್ನು ದೋಷರಹಿತ ದೇವತೆಯನ್ನಾಗಿ ನಿಲ್ಲಿಸುವ ಅಗತ್ಯವಿಲ್ಲ. ಗೇಣಿದಾರರಿಗೆ ಒಡೆಯನ ಪಾಲಿನಿಂದ ಒಂದಷ್ಟು ಕೊಡಿಸುವ ಕಾನೂನು, ಕಾರ್ಮಿಕರಿಗೆ ವಿಮೆ, ನ್ಯಾಯಾಂಗದ ಸುಧಾರಣೆ ಇವೆಲ್ಲ ಅವರ ಸಾಧನೆ. ಆದರೆ ಅವುಗಳಲ್ಲಿ ಬಹುಪಾಲು ಮಜ್ಲಿಸ್‌ನಿಂದ ಪಡೆದ ವಿಶೇಷಾಧಿಕಾರದ ಬಲದಿಂದ ಬಂದವು. ಬ್ರಿಟನ್ನಿನೊಡನೆ ರಾಜಿಯ ಹಲವು ಅವಕಾಶಗಳನ್ನು ಅವರು ಕೈಬಿಟ್ಟರೆಂದು ಅವರ ಅಭಿಮಾನಿಗಳಲ್ಲೇ ಕೆಲವರು ಒಪ್ಪುತ್ತಾರೆ. ಧರ್ಮಗುರು ಕಾಶಾನಿಯೂ ಹಳೆಯ ಸಂಗಾತಿಗಳೂ ದೂರವಾದರು. 1953ರ ಆಗಸ್ಟಿನಲ್ಲಿ ಮಜ್ಲಿಸನ್ನೇ ವಿಸರ್ಜಿಸಲು ಅವರು ಜನಮತಗಣನೆ ನಡೆಸಿದರು. ಪರವಾದವರಿಗೂ ವಿರೋಧಿಗಳಿಗೂ ಬೇರೆ ಬೇರೆ ಮತಗಟ್ಟೆ! ಗುಪ್ತ ಮತದಾನದ ತತ್ವ ಅಲ್ಲಿ ಉಳಿಯಲಿಲ್ಲ. ಜೀವನವಿಡೀ ಸಂಸತ್ತಿನ ಪರ ವಾದಿಸಿದವರು ಸಂಸತ್ತಿಲ್ಲದೆ ಆಳಲು ಹೊರಟದ್ದು ಅವರ ಬದುಕಿನ ದೊಡ್ಡ ವಿರೋಧಾಭಾಸ. ಸಂಸತ್ತಿಲ್ಲದಾಗ ಪ್ರಧಾನಿಯನ್ನು ತೆಗೆಯುವ ಹಕ್ಕು ತನ್ನದೆಂದು ವಾದಿಸಲು ಷಾನಿಗೆ ಅದು ದಾರಿಯನ್ನೂ ತೆರೆಯಿತು.

ಆ ವೇಳೆಗೆ ಹೊರಗಿನ ಸಂಚು ಪಕ್ವವಾಗಿತ್ತು. 1952ರ ಅಕ್ಟೋಬರಿನಲ್ಲಿ ಬ್ರಿಟನ್ನಿನೊಡನೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಾಗ ಬ್ರಿಟಿಷ್ ಗೂಢಚಾರರು ಟೆಹರಾನ್ ಬಿಡಬೇಕಾಯಿತು. ಅವರ ಜಾಲ ಅಮೆರಿಕದ ಸಿಐಎ ಕೈಗೆ ಬಂತು. ಟ್ರೂಮನ್ ಒಪ್ಪದಿದ್ದ ಯೋಜನೆಗೆ ಐಸೆನ್‌ಹೋವರ್ ಸರ್ಕಾರ ಸಮ್ಮತಿಸಿತು. ತೈಲದ ಜಗಳಕ್ಕೆ ಕಮ್ಯುನಿಸ್ಟ್ ಭೀತಿಯ ಬಣ್ಣ ಬಳಿಯಲಾಯಿತು. ಕರ್ಮಿಟ್ ರೂಸ್‌ವೆಲ್ಟ್ ಟೆಹರಾನಿನಲ್ಲಿ ಕುಳಿತು ಹಣ ಹಂಚಿ ಸೂತ್ರ ಎಳೆದರು. ಆಗಸ್ಟ್ 15ರ ರಾತ್ರಿಯ ಮೊದಲ ಯತ್ನ ವಿಫಲವಾಗಿ ಷಾ ಬಾಗ್ದಾದಿಗೂ ಅಲ್ಲಿಂದ ರೋಮಿಗೂ ಓಡಿದ. ಆಗಸ್ಟ್ 19ರಂದು ಬಾಡಿಗೆ ಗುಂಪುಗಳೂ ಸೇನಾ ತುಕಡಿಗಳೂ ಅಸಮಾಧಾನಗೊಂಡ ಒಂದಷ್ಟು ಜನರೂ ಸೇರಿದರು. ಪ್ರಧಾನಿಯ ಮನೆ ಟ್ಯಾಂಕುಗಳ ದಾಳಿಗೆ ಪುಡಿಯಾಯಿತು. ಒಳಗಿನ ಪಾಲೆಷ್ಟು, ಹೊರಗಿನ ಪಾಲೆಷ್ಟು ಎಂಬ ಚರ್ಚೆ ಇತಿಹಾಸಕಾರರಲ್ಲಿ ಇನ್ನೂ ಮುಗಿದಿಲ್ಲ. ಹೊರಗಿನ ಪಾಲು ಇತ್ತೆಂಬುದು ಮಾತ್ರ ಈಗ ವಿವಾದವಲ್ಲ. 2013ರಲ್ಲಿ ಬಿಡುಗಡೆಯಾದ ದಾಖಲೆಗಳಲ್ಲಿ ಸಿಐಎ ತಾನೇ ಅದನ್ನು ಒಪ್ಪಿಕೊಂಡಿದೆ.

ಸೇನಾ ನ್ಯಾಯಾಲಯ ಅವರಿಗೆ ಮೂರು ವರ್ಷ ಏಕಾಂತ ಸೆರೆ ವಿಧಿಸಿತು. ವಿದೇಶಾಂಗ ಸಚಿವ ಹುಸೇನ್ ಫಾತೆಮಿ ಅವರನ್ನು 1954ರ ನವೆಂಬರಿನಲ್ಲಿ ಗುಂಡಿಟ್ಟು ಕೊಲ್ಲಲಾಯಿತು. ಅದೇ ವರ್ಷ ತೈಲ ಮತ್ತೆ ವಿದೇಶಿ ಒಕ್ಕೂಟದ ಪಾಲಾಯಿತು: ಬ್ರಿಟಿಷರಿಗೆ ಶೇ 40, ಅಮೆರಿಕನ್ನರಿಗೆ ಶೇ 40, ಉಳಿದದ್ದು ಡಚ್ಚರ ಷೆಲ್ ಹಾಗೂ ಫ್ರೆಂಚರಿಗೆ. ಸೆರೆ ಮುಗಿಸಿದ ಮೊಸಾದೆಗ್ ತಮ್ಮ ಹಳ್ಳಿ ಅಹಮದಾಬಾದಿನಲ್ಲಿ ಕಡೆಯವರೆಗೂ ಗೃಹಬಂಧಿ. 1967ರ ಮಾರ್ಚ್ 5ರಂದು ತಾಯಿ ಕಟ್ಟಿಸಿದ ಆಸ್ಪತ್ರೆಯಲ್ಲೇ ಅವರು ತೀರಿಕೊಂಡರು. 1952ರ ಜುಲೈನ ಹುತಾತ್ಮರ ಪಕ್ಕದಲ್ಲಿ ಮಣ್ಣಾಗಬೇಕೆಂಬ ಅವರ ಆಸೆಗೆ ಷಾ ಅವಕಾಶ ಕೊಡಲಿಲ್ಲ. ಮನೆಯ ಊಟದ ಕೋಣೆಯ ನೆಲವನ್ನೇ ಅಗೆದು ಹೂಳಬೇಕಾಯಿತು.

ಷಾ ಪದಚ್ಯುತನಾದ ಮೇಲೆ, 1979ರ ಮಾರ್ಚ್ 5ರಂದು ಆ ಹಳ್ಳಿಗೆ ಲಕ್ಷಾಂತರ ಜನ ಹರಿದುಬಂದರು. ಕ್ರಾಂತಿಯ ನಂತರದ ಮೊದಲ ಪ್ರಧಾನಿ ಬಜರ್ಗಾನ್, ಮೊಸಾದೆಗ್ ಕಾಲದಲ್ಲಿ ಅಬಾದಾನಿಗೆ ಹೋಗಿ ತೈಲೋದ್ಯಮವನ್ನು ವಹಿಸಿಕೊಂಡವರೇ. ಟೆಹರಾನಿನ ಅತಿ ಉದ್ದದ ರಸ್ತೆಗೆ ಮೊಸಾದೆಗ್ ಹೆಸರಿಟ್ಟರು. ಈ ಗೌರವ ಬಹಳ ಕಾಲ ಬಾಳಲಿಲ್ಲ. ಷಾನಿಗೆ ಚಿಕಿತ್ಸೆಗೆಂದು ಅಮೆರಿಕ ಆಶ್ರಯ ಕೊಟ್ಟಾಗ 1953 ಮರುಕಳಿಸೀತೆಂಬ ಭೀತಿ ಹರಡಿತು, ನವೆಂಬರಿನಲ್ಲಿ ವಿದ್ಯಾರ್ಥಿಗಳು ಅಮೆರಿಕದ ರಾಯಭಾರ ಕಚೇರಿಯನ್ನು ಆಕ್ರಮಿಸಿದರು, ಬಜರ್ಗಾನ್ ರಾಜೀನಾಮೆಯಿತ್ತರು. 1981ರಲ್ಲಿ ಖೊಮೇನಿ ರಾಷ್ಟ್ರೀಯ ರಂಗವನ್ನು ಧರ್ಮಭ್ರಷ್ಟವೆಂದು ಸಾರಿದರು. ರಸ್ತೆಯ ಹೆಸರೂ ಬದಲಾಯಿತು. ಹೀಗೆ ದೊರೆಯ ಆಡಳಿತವೂ ಧರ್ಮಗುರುಗಳ ಆಡಳಿತವೂ ಒಂದೇ ಮನುಷ್ಯನ ನೆನಪಿಗೆ ಅಂಜಿದವು. ಆದರೂ 1953ರ ದ್ರೋಹವನ್ನು ಅಮೆರಿಕದ ವಿರುದ್ಧ ಬಳಸುವುದನ್ನು ಇಸ್ಲಾಮಿಕ್ ಗಣರಾಜ್ಯ ಎಂದೂ ಮರೆಯಲಿಲ್ಲ. ಅಣುಶಕ್ತಿಯ ಹಕ್ಕನ್ನು ತೈಲದ ಹಕ್ಕಿಗೆ ಹೋಲಿಸುವುದೂ ಅದಕ್ಕೆ ರೂಢಿಯಾಯಿತು. ಪ್ರಧಾನಿಯ ಗಾಯ ಅದಕ್ಕೆ ಬೇಕಿತ್ತು, ಪ್ರಧಾನಿಯ ತತ್ವ ಬೇಕಿರಲಿಲ್ಲ.

1976ರಲ್ಲಿ ಭಾರತ ಬರ್ಮಾ ಷೆಲ್ಲನ್ನು ರಾಷ್ಟ್ರೀಕರಿಸಿದಾಗ ಯಾವ ಟ್ಯಾಂಕೂ ಪ್ರಧಾನಿಯ ಮನೆಯೆದುರು ನಿಲ್ಲಲಿಲ್ಲ. ಕಾಲು ಶತಮಾನದ ಮೊದಲು ಅದೇ ಹೆಜ್ಜೆಯಿಟ್ಟ ಇರಾನ್ ತೆತ್ತ ಬೆಲೆ ಎರಡು ತಲೆಮಾರುಗಳನ್ನು ದಾಟಿತು. 2009ರಲ್ಲಿ ತಮ್ಮ ಮತವೆಲ್ಲಿ ಹೋಯಿತೆಂದು ಕೇಳಿದವರು, 2019ರಲ್ಲಿ ಪೆಟ್ರೋಲ್ ಬೆಲೆಯೇರಿಕೆ ವಿರೋಧಿಸಿ ಗುಂಡಿಗೆ ಬಲಿಯಾದವರು, 2022ರಲ್ಲಿ ಮಹ್ಸಾ ಅಮೀನಿ ಸಾವಿನ ನಂತರ ತಲೆವಸ್ತ್ರ ಕಿತ್ತೆಸೆದ ಹೆಣ್ಣುಮಕ್ಕಳು, ಇವರೆಲ್ಲರ ಹೋರಾಟಕ್ಕೂ ಆಡಳಿತ ಅಂಟಿಸಿದ ಹಣೆಪಟ್ಟಿ ಒಂದೇ: ವಿದೇಶಿ ಕೈವಾಡ. ಆ ಆರೋಪವನ್ನು ನಂಬಲು ಇರಾನಿಗರಿಗೆ ಒಂದು ಐತಿಹಾಸಿಕ ಕಾರಣವಿದೆ ಎಂಬುದೇ ಅದರ ಬಲ. 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಅಮೆರಿಕದ ಬಾಂಬುಗಳು ಇರಾನಿನ ಮೇಲೆ ಬಿದ್ದಾಗಲೂ ಆ ಹಳೆಯ ನೆನಪೇ ಕೆದಕಿತು.

ಹೊರಗಿನಿಂದ ಸರ್ಕಾರ ಬದಲಿಸುವುದು ಸುಲಭವೆಂದು ಭಾವಿಸುವವರು ಮೊಸಾದೆಗ್ ಕಥೆಯ ಮೊದಲರ್ಧವನ್ನು ಓದಬೇಕು. ವಿದೇಶಿ ಶತ್ರುವನ್ನು ತೋರಿಸಿ ತನ್ನ ಜನರ ಬಾಯಿ ಮುಚ್ಚಿಸುವ ಆಡಳಿತ ಅದರ ಉತ್ತರಾರ್ಧವನ್ನು ಓದಬೇಕು. ನಾಡಿನ ಸ್ವಾಭಿಮಾನವೂ ಪ್ರಜೆಯ ಸ್ವಾತಂತ್ರ್ಯವೂ ಒಂದನ್ನು ಬಿಟ್ಟು ಇನ್ನೊಂದು ನಿಲ್ಲಲಾರದೆಂಬುದು ಆ ಮುದುಕನ ನಂಬಿಕೆಯಾಗಿತ್ತು. ಒಂದನ್ನು ಕೊಟ್ಟು ಇನ್ನೊಂದನ್ನು ಕೊಳ್ಳುವಂತೆ ಇರಾನಿನ ಜನರಿಗೆ ಹೇಳುವವರು ಇಂದಿಗೂ ಎರಡೂ ಕಡೆ ಇದ್ದಾರೆ. ಊಟದ ಕೋಣೆಯ ಆ ಸಮಾಧಿ ಇನ್ನೂ ತಾತ್ಕಾಲಿಕವಾಗಿಯೇ ಉಳಿದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.