ಸುರಪುರದ ಟೇಲರ್ ಸಾಹೇಬರು



ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ ಅವರ ಹೆಸರು ನೀವು ಕೇಳಿದ್ದೀರಿ. ಅವರು 1833ರಲ್ಲಿ ದಕ್ಷಿಣ ಅಮೆರಿಕದ ಅರ್ಜೆಂಟೀನಾದಲ್ಲಿ ದನಗಾಹಿಗಳ ಸಣ್ಣ ಗುಂಪಿನ ಸಂಗಡ ಕುದುರೆ ಏರಿ ನೂರಾರು ಮೈಲಿ ಹುಲ್ಲುಗಾವಲು ದಾಟಿದರು. ರಾತ್ರಿ ಬಯಲಲ್ಲೇ ಮಲಗುತ್ತಿದ್ದರು. ಹೀಗೆ ತಿರುಗಿದವರು ದೂರ ದೇಶದಾಗ ಮಾತ್ರ ಇದ್ದರು ಅಂತ ನಾನು ತಿಳಿದಿದ್ದೆ. ಅದು ತಪ್ಪು. ಡಾರ್ವಿನ್‌ಗಿಂತ ಐದೇ ತಿಂಗಳು ದೊಡ್ಡವರಾದ ಒಬ್ಬರು ನಮ್ಮ ಶಹಾಪುರ, ಸುರಪುರದ ಗುಡ್ಡಗಳಲ್ಲೇ ಕುದುರೆ ಮೇಲೆ ತಿರುಗಿದ್ದಾರೆ. ಅವರೇ ಫಿಲಿಪ್ ಮೆಡೋಸ್ ಟೇಲರ್.

ಇವರು 1808ರ ಸೆಪ್ಟೆಂಬರ್ 25ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಜನಿಸಿದರು. 1824ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಒಬ್ಬ ವ್ಯಾಪಾರಿಯ ಹತ್ತಿರ ಕೆಲಸಕ್ಕೆಂದು ಹಡಗು ಹತ್ತಿ ಮುಂಬಯಿಗೆ ಬಂದರು. ನಮಗಿಂತ ಎರಡೇ ವರ್ಷ ದೊಡ್ಡವರು! ಆದರೆ ಆ ವ್ಯಾಪಾರಿಯದೇ ವ್ಯವಹಾರ ಕೆಟ್ಟಿತ್ತು. ಆಮೇಲೆ ಅವರಿಗೆ ಹೈದರಾಬಾದ್ ನಿಜಾಮರ ಸೈನ್ಯದಲ್ಲಿ ಕೆಲಸ ಸಿಕ್ಕಿತು. ಶಾಲೆ ಅರ್ಧಕ್ಕೇ ನಿಂತರೂ ಓದು ನಿಲ್ಲಲಿಲ್ಲ. ನಮ್ಮ ದೇಶದ ಭಾಷೆ, ಕಾನೂನು, ಭೂಮಿ ಅಳೆಯುವುದು, ಚಿತ್ರ ಬರೆಯುವುದು ಎಲ್ಲ ತಾವೇ ಕಲಿತರು. ದಾರಿಹೋಕರನ್ನು ಕೊಲ್ಲುತ್ತಿದ್ದ ಥಗ್ಗರ ಬಗ್ಗೆ 1839ರಲ್ಲಿ ಅವರು ಬರೆದ ಕಾದಂಬರಿ ಇಂಗ್ಲೆಂಡಿನಲ್ಲಿ ಬಹಳ ಹೆಸರಾಯಿತು.

1841ರಲ್ಲಿ ಅವರನ್ನು ಸುರಪುರ ಸಂಸ್ಥಾನಕ್ಕೆ ಕಳಿಸಿದರು. ಆಗ ಸಂಸ್ಥಾನದ ತುಂಬ ಸಾಲ, ಜಗಳ. ಬೇಡರ ಶೂರ ದಂಡು ಯಾರಿಗೂ ಬಗ್ಗುತ್ತಿರಲಿಲ್ಲ. ರಾಜಾ ವೆಂಕಟಪ್ಪ ನಾಯಕರು ಇನ್ನೂ ಸಣ್ಣ ಹುಡುಗ. ತಾಯಿ ರಾಣಿ ಈಶ್ವರಮ್ಮ. ಟೇಲರ್ ಸಾಹೇಬರು 1853ರ ತನಕ ಅಲ್ಲೇ ಇದ್ದು ಆಡಳಿತ ನೋಡಿದರು. ಬೋನಾಳ ಕೆರೆಯನ್ನು ಸುಧಾರಿಸಿದರು. ಆ ಕೆರೆ ಈಗ ಪಕ್ಷಿಧಾಮವಾಗಿದೆ. ಗುಡ್ಡದ ಮೇಲೆ ಅವರಿದ್ದ ಬಂಗ್ಲೆಗೆ ಇಂದಿಗೂ ಟೇಲರ್ ಮಂಜಿಲ್ ಅಂತಲೇ ಅಂತಾರೆ. ಬಾಲಕ ರಾಜನಿಗೆ ಪಾಠ ಹೇಳಿಸಿ ಮಗನಂತೆ ನೋಡಿಕೊಂಡರು. ಆ ಹುಡುಗ ಅವರನ್ನು ಅಪ್ಪಾ ಎಂದೇ ಕರೆಯುತ್ತಿದ್ದ.

ಆಗ ಈ ಕಡೆ ಬಸ್ಸಿಲ್ಲ, ರೈಲಿಲ್ಲ. ಕುದುರೆ, ಡೇರೆ, ಜೊತೆಗೆ ಕೆಲವು ಆಳುಗಳು ಇಷ್ಟೇ. ದನ ಕುರಿ ಮೇಯುವ ಅಡವಿಯಲ್ಲಿ ಹೋಗುವಾಗ ಅವರು ಬರೀ ಕಂದಾಯ ನೋಡಲಿಲ್ಲ, ಕಲ್ಲನ್ನೂ ನೋಡಿದರು. ರಾಜನಕೋಳೂರಿನಲ್ಲಿ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಮನೆಯಂಥವು ಇವೆ. ಅವು ಮೋರ್ಯರೆಂಬ ಕುಳ್ಳ ಜನರ ಮನೆಗಳು ಎಂದು ಊರವರು ನಂಬಿದ್ದನ್ನು ಕೇಳಿ ಬರೆದುಕೊಂಡರು. ಜೇವರ್ಗಿ ಹತ್ತಿರ ಹಳೆಯ ಗೋರಿಗಳನ್ನು ಅಗೆಸಿದರು. ಒಳಗೆ ಎಲುಬು, ಮಡಕೆ ಸಿಕ್ಕವು. ಸಿಕ್ಕಿದ್ದನ್ನು ತೆಗೆದುಕೊಂಡು ಸುಮ್ಮನಾಗದೆ ಯಾವುದು ಎಷ್ಟು ಆಳದಲ್ಲಿತ್ತು ಅಂತ ಚಿತ್ರ ಬರೆದಿಟ್ಟರು. ನಮ್ಮ ಶಹಾಪುರದ ಸಮೀಪ ವಿಭೂತಿಹಳ್ಳಿಯಲ್ಲಿ ಸಾಲು ಸಾಲಾಗಿ ಇಟ್ಟ ಬಂಡೆಗಳ ಬಗ್ಗೆಯೂ ಬರೆದರು. ಅವು ತಮ್ಮ ದೇಶದ ಹಳೆಯ ಕಲ್ಲುಗಳಂತೆ ಇವೆ, ಕಟ್ಟಿದವರು ಹೊರಗಿಂದ ಬಂದವರು ಎಂದು ಅವರು ತಿಳಿದಿದ್ದರು. ಅದು ಸರಿಯಲ್ಲ. ಇವು ಕಬ್ಬಿಣ ಯುಗದಲ್ಲಿ ಇಲ್ಲೇ ಬಾಳಿದ ಜನರವು ಎಂದು ಈಗ ಹೇಳುತ್ತಾರೆ.

ಇನ್ನು ದುಃಖದ ಸಂಗತಿ. 1858ರಲ್ಲಿ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದು ನಿಂತರು. ಸೆರೆ ಸಿಕ್ಕರು. ಟೇಲರ್ ಸಾಹೇಬರು ಜೈಲಿಗೆ ಹೋಗಿ ಭೇಟಿಯಾದರು. ಸಂಗಡ ಇದ್ದವರ ಹೆಸರು ಹೇಳಿದರೆ ಅನುಕೂಲ ಆಗುತ್ತಿತ್ತು. ಆದರೆ ರಾಜರು ಒಬ್ಬರ ಹೆಸರೂ ಹೇಳಲಿಲ್ಲ. ಮರಣದಂಡನೆ ತಪ್ಪಿ ನಾಲ್ಕು ವರ್ಷದ ಸೆರೆವಾಸವಾಯಿತು. ಚೆಂಗಲ್ಪಟ್ಟಿಗೆ ಕರೆದೊಯ್ಯುವ ದಾರಿಯಲ್ಲೇ ಪಿಸ್ತೂಲಿನ ಗುಂಡಿಗೆ ಅವರ ಪ್ರಾಣ ಹೋಯಿತು. ಸಾಕಿದ ಅಪ್ಪ ಬ್ರಿಟಿಷರ ಕಡೆ, ಮಗ ನಾಡಿನ ಕಡೆ. ಇದನ್ನು ಓದುವಾಗ ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ.

ಟೇಲರ್ ಸಾಹೇಬರು 1860ರಲ್ಲಿ ಭಾರತ ಬಿಟ್ಟರು. ಮುಪ್ಪಿನಲ್ಲಿ ಕಣ್ಣು ಮಂಜಾದರೂ 1875ರಲ್ಲಿ ಮತ್ತೊಮ್ಮೆ ಹೈದರಾಬಾದಿಗೆ ಬಂದರು. ಮರಳಿ ಹೋಗುವಾಗ 1876ರ ಮೇ 13ರಂದು ಫ್ರಾನ್ಸಿನ ಮೆಂತೋನ್ ಎಂಬಲ್ಲಿ ತೀರಿಕೊಂಡರು. ಅವರ ಆತ್ಮಕಥೆ ಮರುವರ್ಷ ಅಚ್ಚಾಯಿತು.

ಗೆಳೆಯರೇ, ಹೋದ ವರ್ಷ ನಾನು ಸೋದರಮಾವನ ಸಂಗಡ ವಿಭೂತಿಹಳ್ಳಿಗೆ ಹೋಗಿದ್ದೆ. ಯಾರೋ ಹೊಲದ ಕಲ್ಲು ತಂದು ಒಗೆದಾರ ಅಂದುಕೊಂಡು ಅದೇ ಬಂಡೆ ಮೇಲೆ ಕೂತು ಬುತ್ತಿ ಉಂಡು ಬಂದೆ! ಎಲ್ಲಿಂದಲೋ ಬಂದವರು ಕುದುರೆ ಇಳಿದು ನೋಡಿದ್ದನ್ನು ಪಕ್ಕದಲ್ಲೇ ಇರುವ ನಾವು ನೋಡಿಲ್ಲ. ಈ ಸಲ ಎಲ್ಲರೂ ಕೂಡಿ ಹೋಗೋಣ. ಕಲ್ಲಿನ ಮೇಲೆ ಹೆಸರು ಕೆತ್ತುವುದು ಬ್ಯಾಡ, ಸಾಲು ಎಣಿಸಿ ಪಾಟಿ ಮೇಲೆ ಬರೆದುಕೊಂಡು ಬರೋಣ.

— 7ನೇ ತರಗತಿ, ದೋರನಹಳ್ಳಿ