‘ಯಾವುದಕ್ಕೂ ಇರಲಿ’ ಎಂಬ ನಂಬಿಕೆ ಮತ್ತು ಟಿಪ್ಪು ಸುಲ್ತಾನರ ಬದುಕು

ನಮ್ಮ ಮನೆ ಇರುವುದು ಬ್ಲಫ್‌ನಲ್ಲಿ. ಮಳವಳ್ಳಿ ತಾಲೂಕಿನ ಶಿವನಸಮುದ್ರದ ಹಳೆಯ ವಿದ್ಯುತ್ ಕೇಂದ್ರ ಇರುವ ಜಾಗ. 1902ರಲ್ಲಿ ಇಲ್ಲಿಂದಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಇಂಗ್ಲಿಷಿನಲ್ಲಿ ಬ್ಲಫ್ ಎಂದರೆ ಕಡಿದಾದ ದಿಬ್ಬ ಎಂದು ಅರ್ಥ. ಇಸ್ಪೀಟು ಆಡುವವರ ಬಾಯಲ್ಲಿ ಅದಕ್ಕೆ ಬೇರೆ ಅರ್ಥವಿದೆ. ಕೈಯಲ್ಲಿ ಒಳ್ಳೆಯ ಎಲೆ ಇಲ್ಲದಿದ್ದರೂ ಇದೆ ಎಂದು ತೋರಿಸಿಕೊಳ್ಳುವುದೇ ಬ್ಲಫ್.

ಹೋದ ವರ್ಷ ಫಸ್ಟ್ ಪಿಯುಸಿ ಪರೀಕ್ಷೆಯ ತಿಂಗಳು ನಾನು ಒಂದು ಹೊತ್ತೂ ತಪ್ಪಿಸದೆ ನಮಾಜ್ ಮಾಡಿದೆ. ಅಮ್ಮಿ ತೋಳಿಗೆ ತಾವೀಜ್ ಕಟ್ಟಿದರು, ಕಟ್ಟಿಸಿಕೊಂಡೆ. ಕೊನೆಯ ಪೇಪರ್ ಮುಗಿದ ಮರುದಿನ ಫಜರ್‌ಗೆ ಏಳಲಿಲ್ಲ. ಆ ವಾರವೆಲ್ಲ ಏಳಲಿಲ್ಲ. ಊರಿಗೆ ಬಂದಿದ್ದ ನನ್ನ ಚಿಕ್ಕಪ್ಪನ ಮಗ ಇದನ್ನು ನೋಡಿ, ನಿನಗೆ ಅಲ್ಲಾಹನಲ್ಲಿ ನಂಬಿಕೆ ಇದೆಯೋ ಅಥವಾ ಯಾವುದಕ್ಕೂ ಇರಲಿ ಎಂದು ಮಾಡಿದ್ದೋ ಎಂದು ಕೇಳಿದ. ನಗುತ್ತಲೇ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡೇ ಈ ವರ್ಷ ಟಿಪ್ಪು ಸುಲ್ತಾನರ ಬಗ್ಗೆ ಓದಿದೆ. ನಮ್ಮ ಜಿಲ್ಲೆಯಲ್ಲೇ ಆಳಿ, ನಮ್ಮ ಜಿಲ್ಲೆಯಲ್ಲೇ ಸತ್ತ ಅವರ ಬದುಕಿನಲ್ಲಿ ಇದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಅದಕ್ಕೆ ಅವರ ಬದುಕನ್ನು ಈ ಒಂದು ಕಡೆಯಿಂದ ಬರೆಯುತ್ತಿದ್ದೇನೆ.

ಟಿಪ್ಪು ಹುಟ್ಟಿದ್ದು 1750ರಲ್ಲಿ, ದೇವನಹಳ್ಳಿಯಲ್ಲಿ. ತಂದೆ ಹೈದರ್ ಅಲಿ, ತಾಯಿ ಫಾತಿಮಾ ಫಕ್ರುನ್ನಿಸಾ. ಮಗು ಆಗಲೆಂದು ತಾಯಿ ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ದರ್ಗಾದಲ್ಲಿ ಹರಕೆ ಹೊತ್ತಿದ್ದರು, ಆ ಸಂತರ ಹೆಸರನ್ನೇ ಮಗನಿಗೆ ಇಟ್ಟರು ಎಂದು ಹೇಳುತ್ತಾರೆ. ಅಂದರೆ ಅವರ ಹೆಸರಿನಲ್ಲೇ ಒಂದು ಹರಕೆ ಇದೆ. ಹೈದರ್ ಅಲಿ ಓದು ಬರಹ ಕಲಿತವರಲ್ಲ. ಮಗನಿಗೆ ಮಾತ್ರ ಫಾರಸಿ, ಕುರಾನ್ ಪಾಠ, ಕುದುರೆ ಸವಾರಿ, ಯುದ್ಧವಿದ್ಯೆ ಎಲ್ಲವನ್ನೂ ಕಲಿಸಿದರು.

1782ರ ಡಿಸೆಂಬರ್‌ನಲ್ಲಿ, ಇಂಗ್ಲಿಷರ ಜೊತೆ ಎರಡನೇ ಯುದ್ಧ ನಡೆಯುತ್ತಿರುವಾಗಲೇ, ಹೈದರ್ ತೀರಿಕೊಂಡರು. ಟಿಪ್ಪು ಪಟ್ಟಕ್ಕೆ ಬಂದರು. 1784ರ ಮಂಗಳೂರು ಒಪ್ಪಂದದಿಂದ ಆ ಯುದ್ಧ ಮುಗಿಯಿತು. ಶ್ರೀರಂಗಪಟ್ಟಣದಲ್ಲಿ ದರಿಯಾ ದೌಲತ್ ಕಟ್ಟಿಸಿದರು, ಎರಡು ಎತ್ತರದ ಮಿನಾರುಗಳ ಮಸ್ಜಿದೆ ಆಲಾ ಕಟ್ಟಿಸಿದರು. ಅದೇ ಕೋಟೆಯೊಳಗೆ ರಂಗನಾಥಸ್ವಾಮಿ ದೇವಸ್ಥಾನದ ಪೂಜೆ ನಡೆಯುತ್ತಲೇ ಇತ್ತು. ದೇವಸ್ಥಾನಕ್ಕೆ ಅವರು ಬೆಳ್ಳಿಯ ಪಾತ್ರೆಗಳನ್ನೂ ಕೊಟ್ಟಿದ್ದಾರೆ. ನಂಜನಗೂಡಿನಲ್ಲಿ ಇನ್ನೊಂದು ಕಥೆ ಹೇಳುತ್ತಾರೆ. ಅವರ ಪಟ್ಟದ ಆನೆಗೆ ಕಣ್ಣು ಹೋಯಿತಂತೆ. ಹಕೀಮರಿಂದ ಗುಣವಾಗದೆ ಇದ್ದಾಗ ನಂಜುಂಡೇಶ್ವರನ ಸನ್ನಿಧಿಗೆ ಕಳಿಸಿದರಂತೆ. ಕಣ್ಣು ಬಂದ ಮೇಲೆ ಆ ದೇವರನ್ನು ಹಕೀಮ್ ನಂಜುಂಡ ಎಂದು ಕರೆದು ಪಚ್ಚೆಯ ಲಿಂಗ ಕೊಟ್ಟರಂತೆ. ಜನ ಹೇಳುವ ಈ ಕಥೆಯಲ್ಲೂ ನಮ್ಮ ಪ್ರಶ್ನೆ ಇದೆ. ಹಕೀಮರಿಂದ ಆಗಲಿಲ್ಲ, ಇದನ್ನೂ ನೋಡೋಣ ಎಂದು ಕಳಿಸಿದ್ದು ನಂಬಿಕೆಯೇ?

ಮೂರನೇ ಯುದ್ಧ 1790ರಲ್ಲಿ ಶುರುವಾಯಿತು. ಈ ಸಲ ಇಂಗ್ಲಿಷರ ಜೊತೆ ಮರಾಠರು, ಹೈದರಾಬಾದಿನ ನಿಜಾಮರು ಸೇರಿದ್ದರು. 1791ರಲ್ಲಿ ಬೆಂಗಳೂರು ಕೋಟೆ ಕೈತಪ್ಪಿತು. ಅದೇ ವರ್ಷ ಮರಾಠಾ ಸೇನೆಯ ಪಿಂಡಾರಿ ಸವಾರರು ಶೃಂಗೇರಿ ಮಠವನ್ನು ಲೂಟಿ ಮಾಡಿ ಶಾರದೆಯ ಮೂರ್ತಿಯನ್ನು ಸ್ಥಳದಿಂದ ಕಿತ್ತರು. ಮಠದ ಸ್ವಾಮಿಗಳಾಗಿದ್ದ ಮೂರನೇ ಸಚ್ಚಿದಾನಂದ ಭಾರತಿಗಳು ಕಾರ್ಕಳಕ್ಕೆ ಹೋಗಿ ಅಲ್ಲಿಂದ ಟಿಪ್ಪುವಿಗೆ ಪತ್ರ ಬರೆದರು. ಟಿಪ್ಪು ಕೂಡಲೇ ಬಿದನೂರಿನ ಅಧಿಕಾರಿಗೆ ಆಜ್ಞೆ ಕಳಿಸಿದರು. ಮೂರ್ತಿಯ ಮರುಪ್ರತಿಷ್ಠೆಗೆ 200 ರಾಹತಿ ನಗದು, ಇನ್ನು 200 ರಾಹತಿ ಬೆಲೆಯ ಸಾಮಗ್ರಿ ಕೊಡಬೇಕು ಎಂದು. ಶತ್ರುಗಳು ಸೋಲಲೆಂದು ಶತಚಂಡಿ, ಸಹಸ್ರಚಂಡಿ ಜಪ ಮಾಡಿಸಬೇಕೆಂದೂ ಸ್ವಾಮಿಗಳನ್ನು ಕೇಳಿಕೊಂಡರು. ಅದರ ಖರ್ಚೂ ಸರ್ಕಾರದ್ದೇ. ಕನ್ನಡದಲ್ಲಿರುವ ಈ ಪತ್ರಗಳು 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದು ಎಲ್ಲರಿಗೂ ಗೊತ್ತಾದವು.

1792ರ ಮಾರ್ಚ್‌ನಲ್ಲಿ ಯುದ್ಧ ಸೋತು ಒಪ್ಪಂದ ಮಾಡಿಕೊಳ್ಳಬೇಕಾಯಿತು. ಅರ್ಧ ರಾಜ್ಯ ಹೋಯಿತು. 3 ಕೋಟಿ 30 ಲಕ್ಷ ರೂಪಾಯಿ ದಂಡ. ಹಣ ಕೊಡುವವರೆಗೆ ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಎಂಬ ಇಬ್ಬರು ಪುಟ್ಟ ಮಕ್ಕಳನ್ನು ಒತ್ತೆ ಇಡಬೇಕಾಯಿತು. ಮಕ್ಕಳು ಮನೆಗೆ ಮರಳಿದ್ದು 1794ರಲ್ಲಿ. ಚಂಡಿ ಜಪ ವಿಮೆಯಾಗಿದ್ದರೆ, ಕ್ಲೇಮ್ ಬರಲಿಲ್ಲ ಎಂದೇ ಲೆಕ್ಕ ಬರೆಯಬೇಕು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಇದೇ ಟಿಪ್ಪು ಮಂಗಳೂರಿನ ಕ್ರೈಸ್ತರನ್ನೂ ಕೊಡಗಿನ ಜನರನ್ನೂ ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಮಲಬಾರಿನಲ್ಲೂ ಕಠಿಣವಾಗಿ ನಡೆದುಕೊಂಡರು, ಬಲವಂತದ ಮತಾಂತರಗಳಾದವು. ಆದ್ದರಿಂದ ಶೃಂಗೇರಿಯ ದಾನವನ್ನು ಒಬ್ಬೊಬ್ಬರು ಒಂದೊಂದು ರೀತಿ ಓದುತ್ತಾರೆ. ಕೆಲವರು ಅದು ಎಲ್ಲ ಧರ್ಮಗಳ ಮೇಲಿನ ಪ್ರೀತಿ ಎನ್ನುತ್ತಾರೆ. ಕೆಲವರು ಅದು ಸೋಲಿನ ಭಯ, ರಾಜಕೀಯದ ಲೆಕ್ಕ ಎನ್ನುತ್ತಾರೆ. ಎರಡೂ ಕಡೆಯವರು ಅವರ ಮನಸ್ಸಿನ ಒಳಗೆ ಹೋಗಿ ಬಂದವರ ಹಾಗೆ ಮಾತಾಡುತ್ತಾರೆ.

ಭಯದಿಂದ ಲೆಕ್ಕ ಹಾಕಿ ನಂಬುವುದರ ಬಗ್ಗೆ ಟಿಪ್ಪುವಿಗಿಂತ ನೂರು ವರ್ಷ ಹಿಂದೆಯೇ ಫ್ರಾನ್ಸಿನ ಪ್ಯಾಸ್ಕಲ್ ಯೋಚಿಸಿದ್ದರು. ಅವರು 1623ರಿಂದ 1662ರವರೆಗೆ ಬದುಕಿದ್ದ ಗಣಿತಜ್ಞರು. ತೆರಿಗೆ ಅಧಿಕಾರಿಯಾಗಿದ್ದ ತಂದೆಯ ಲೆಕ್ಕದ ಕೆಲಸ ಹಗುರಾಗಲೆಂದು ಹತ್ತೊಂಬತ್ತರ ವಯಸ್ಸಿಗೇ ಕೂಡುವ ಯಂತ್ರ ಮಾಡಲು ಹೊರಟವರು, ಅಂದರೆ ನಮ್ಮ ಕಾಮರ್ಸ್‌ನವರಿಗೆ ಹತ್ತಿರದವರು. ಅವರ ಲೆಕ್ಕ ಹೀಗಿದೆ. ದೇವರು ಇದ್ದು ನಾನು ನಂಬಿದ್ದರೆ ಲಾಭಕ್ಕೆ ಮಿತಿ ಇಲ್ಲ. ದೇವರು ಇಲ್ಲದೆ ನಾನು ನಂಬಿದ್ದರೆ ನಷ್ಟ ಸ್ವಲ್ಪವೇ. ಆದ್ದರಿಂದ ನಂಬುವುದೇ ಜಾಣತನ. ಅವರಿಗಿಂತ ಐನೂರು ವರ್ಷ ಮೊದಲಿನ ಇಮಾಮ್ ಗಝಾಲಿಯವರೂ ಆಖಿರತ್ ಬಗ್ಗೆ ಸಂಶಯಪಡುವವರಿಗೆ ಇಂಥದೇ ತರ್ಕ ಹೇಳಿದ್ದಾರೆ. ಸ್ವತಃ ಅವರಿಗೆ ಸಂಶಯವಿತ್ತು ಎಂದಲ್ಲ, ಕೇಳುವವರ ಮಟ್ಟಕ್ಕೆ ಇಳಿದು ಹೇಳಿದ ಮಾತು ಅದು.

ನನಗೆ ಈ ಲೆಕ್ಕದಲ್ಲಿ ಎರಡು ತೊಡಕು ಕಾಣುತ್ತದೆ. ಮೊದಲನೆಯದು, ಪ್ಯಾಸ್ಕಲ್ ಅವರ ಕೋಷ್ಟಕದಲ್ಲಿ ಎರಡೇ ಸಾಲು. ಶ್ರೀರಂಗಪಟ್ಟಣದಲ್ಲಿ ಮಸೀದಿ ಇದೆ, ರಂಗನಾಥ ಇದ್ದಾನೆ, ಶೃಂಗೇರಿಯ ಶಾರದೆ ಇದ್ದಾಳೆ, ಗ್ರಹಗಳಿವೆ. ಬರೀ ಲೆಕ್ಕಕ್ಕಾಗಿ ನಂಬುವವನು ಎಲ್ಲ ಕಡೆಯೂ ಪ್ರೀಮಿಯಂ ಕಟ್ಟಬೇಕಾಗುತ್ತದೆ. ಎರಡನೆಯದು ನಮ್ಮ ವ್ಯವಹಾರ ಅಧ್ಯಯನದ ಪಾಠದಲ್ಲೇ ಇದೆ. ವಿಮೆಯ ಮೊದಲ ತತ್ವ ಪರಮ ಸದ್ಭಾವನೆ. ವಿಮೆ ಮಾಡಿಸುವವನು ಮುಖ್ಯವಾದ ಯಾವ ಸಂಗತಿಯನ್ನೂ ಮುಚ್ಚಿಡಬಾರದು. ಮುಚ್ಚಿಟ್ಟದ್ದು ಗೊತ್ತಾದರೆ ಕ್ಲೇಮ್ ತಿರಸ್ಕಾರವಾಗುವ ಸಾಧ್ಯತೆ ಇರುತ್ತದೆ. ಮನುಷ್ಯರ ಕಂಪನಿಯಲ್ಲೇ ನಿಯಮ ಹೀಗಿರುವಾಗ, ಎದೆಯೊಳಗಿನದನ್ನೆಲ್ಲ ಬಲ್ಲವನ ಹತ್ತಿರ ನಂಬಿಕೆ ಇಲ್ಲದೆ ನಂಬಿಕೆಯ ಪಾಲಿಸಿ ನಡೆಯುತ್ತದೆಯೇ? ನಮ್ಮ ದೀನ್‌ನಲ್ಲಿ ಇದಕ್ಕೇ ನೀಯತ್ ಎನ್ನುತ್ತೇವೆ. ನಮ್ಮ ಊರಿನ ಹೆಸರಿನ ಎರಡನೇ ಅರ್ಥ ಅಲ್ಲಿ ನಡೆಯುವುದಿಲ್ಲ.

ಹಾಗಾದರೆ ಟಿಪ್ಪು ಬರೀ ವಿಮೆ ಕಟ್ಟುತ್ತಿದ್ದರೇ? ಇದಕ್ಕೆ ಅವರ ಕೊನೆಯ ದಿನಗಳನ್ನು ನೋಡಬೇಕು.

1799ರಲ್ಲಿ ಜನರಲ್ ಹ್ಯಾರಿಸ್‌ನ ಸೈನ್ಯ ಮತ್ತೆ ಬಂತು. ಮಾರ್ಚ್ 27ರಂದು ನಮ್ಮ ಮಳವಳ್ಳಿಯಲ್ಲೇ ಯುದ್ಧ ನಡೆಯಿತು. ಟಿಪ್ಪು ಹಿಂದೆ ಸರಿಯಬೇಕಾಯಿತು. ಇಂಗ್ಲಿಷರು ಸೋಸಲೆಯ ಹತ್ತಿರ ಕಾವೇರಿ ದಾಟಿ ಶ್ರೀರಂಗಪಟ್ಟಣವನ್ನು ಮುತ್ತಿದರು. ಏಪ್ರಿಲ್‌ನಲ್ಲಿ ಹ್ಯಾರಿಸ್ ಷರತ್ತು ಕಳಿಸಿದ. ಉಳಿದ ರಾಜ್ಯದಲ್ಲಿ ಅರ್ಧ, ಎರಡು ಕೋಟಿ ರೂಪಾಯಿ, ಈ ಸಲ ನಾಲ್ವರು ಮಕ್ಕಳು ಒತ್ತೆ. ಟಿಪ್ಪು ಒಪ್ಪಲಿಲ್ಲ.

ಮೇ 4 ಶನಿವಾರ. ಈ ದಿನ ಒಳ್ಳೆಯದಲ್ಲ ಎಂದು ಜ್ಯೋತಿಷಿಗಳು ಹೇಳಿದರು. ಟಿಪ್ಪು ಬೆಳಿಗ್ಗೆ ದಾನ ಮಾಡಿದರು. ಒಬ್ಬ ಸನ್ಯಾಸಿಗೆ ಆನೆ, ಎಣ್ಣೆಕಾಳಿನ ಚೀಲ, 200 ರೂಪಾಯಿ. ಬ್ರಾಹ್ಮಣರಿಗೆ ಕಪ್ಪು ಎತ್ತು, ಎಮ್ಮೆ, ಕಪ್ಪು ಆಡು, ಕಪ್ಪು ಬಟ್ಟೆ, ಕಬ್ಬಿಣದ ಪಾತ್ರೆ ತುಂಬ ಎಣ್ಣೆ. ಎಣ್ಣೆ ಕೊಡುವ ಮೊದಲು ಅದರಲ್ಲಿ ತಮ್ಮ ಮುಖದ ನೆರಳನ್ನು ನೋಡಿಕೊಂಡರು. ಕಪ್ಪು ವಸ್ತು, ಕಬ್ಬಿಣ, ಎಣ್ಣೆ, ಅದೂ ಶನಿವಾರ. ಇದು ಯಾವ ದಾನ ಎಂದು ನಮ್ಮ ಕಡೆಯ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾರೆ. ಇಸ್ಲಾಮಿನಲ್ಲಿ ಜ್ಯೋತಿಷ್ಯ, ಶಕುನಗಳಿಗೆ ಜಾಗವಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಕೋಟೆಯ ಗೋಡೆ ಒಡೆದಿತ್ತು. ಮಕ್ಕಳು ಒಳಗಿದ್ದರು. ಅವರ ಬಲ ತೋಳಿನಲ್ಲೂ ಒಂದು ತಾವೀಜ್ ಇತ್ತು.

ಮಧ್ಯಾಹ್ನ ಊಟಕ್ಕೆ ಕುಳಿತಿದ್ದಾಗ ತಮ್ಮ ನೆಚ್ಚಿನ ಸೇನಾನಿ ಸೈಯದ್ ಗಫಾರ್ ಸತ್ತ ಸುದ್ದಿ ಬಂತು. ಸ್ವಲ್ಪ ಹೊತ್ತಿಗೆ ಇಂಗ್ಲಿಷರು ನದಿ ದಾಟಿ ಏರಿ ಬಂದರು. ಟಿಪ್ಪು ಕೈ ತೊಳೆದು ಹೊರಟರು. ಹೋರಾಡುತ್ತ ಗಾಯಗೊಂಡು ಬಿದ್ದಾಗ ಜೊತೆಗಿದ್ದ ಸೇವಕ ರಾಜಾ ಖಾನ್, ತಾವು ಯಾರೆಂದು ಇಂಗ್ಲಿಷರಿಗೆ ಹೇಳಿದರೆ ಜೀವ ಉಳಿಯುತ್ತದೆ ಎಂದು ಸಲಹೆ ಕೊಟ್ಟ. ಅವರು ಒಪ್ಪಲಿಲ್ಲ. ಸಾಮಾನ್ಯ ಸೈನಿಕರ ನಡುವೆಯೇ ಪ್ರಾಣ ಬಿಟ್ಟರು. ಮರುದಿನ ಗುಂಬಜ್‌ನಲ್ಲಿ ತಂದೆ ತಾಯಿಯ ಪಕ್ಕ ಅವರನ್ನು ದಫನ್ ಮಾಡಲಾಯಿತು.

ಬೆಳಿಗ್ಗೆ ಎಲ್ಲ ಕಡೆ ಪ್ರೀಮಿಯಂ ಕಟ್ಟಿದ ಮನುಷ್ಯ, ಮಧ್ಯಾಹ್ನ ಖಂಡಿತವಾಗಿ ಸಿಗುತ್ತಿದ್ದ ಒಂದೇ ಒಂದು ರಕ್ಷಣೆಯನ್ನು ಬೇಡವೆಂದರು. ಬರೀ ಲೆಕ್ಕದ ಮನುಷ್ಯ ಹೀಗೆ ಮಾಡುವುದಿಲ್ಲ. ನನಗೆ ಅನಿಸುವುದು ಇಷ್ಟು. ಬೆಳಗಿನ ದಾನದಲ್ಲಿ ಭಯ ಇತ್ತು. ಆದರೆ ಭಯ ಇದೆ ಎಂದ ಮಾತ್ರಕ್ಕೆ ನಂಬಿಕೆ ಇಲ್ಲ ಎಂದು ಹೇಳಲಾಗದು. ಒಬ್ಬನೇ ಮನುಷ್ಯನಲ್ಲಿ ಎರಡೂ ಇರುತ್ತವೆ.

ಯಾವುದು ಎಷ್ಟಿದೆ ಎಂದು ಹೊರಗಿನವರು ಅಳೆಯಲು ಒಂದೇ ದಾರಿ ನನಗೆ ತೋಚುತ್ತದೆ. ಅಪಾಯ ಕಳೆದ ಮರುದಿನ ಏನು ಮಾಡುತ್ತಾರೆ ಎಂದು ನೋಡಬೇಕು. ವಿಮೆಯಾದರೆ ಅವಧಿ ಮುಗಿದ ಮೇಲೆ ಯಾರೂ ಕಂತು ಕಟ್ಟುವುದಿಲ್ಲ. ಯುದ್ಧ 1792ರಲ್ಲಿ ಮುಗಿಯಿತು, ಜಪದಿಂದ ಗೆಲುವೂ ಬಂದಿರಲಿಲ್ಲ. ಆದರೂ 1793ರಲ್ಲಿ ಟಿಪ್ಪು ಶೃಂಗೇರಿಯ ಸ್ವಾಮಿಗಳಿಗೆ ಜಗದ್ಗುರು ಎಂದೇ ಗೌರವದಿಂದ ಪತ್ರ ಬರೆಯುತ್ತಿದ್ದರು. ಇದರಿಂದ ಕೊಡಗಿನವರ ನೋವು ಅಳಿಸಿಹೋಗುವುದಿಲ್ಲ. ಆದರೆ ಶೃಂಗೇರಿಯ ವಿಷಯದಲ್ಲಿ ಅದು ಬರೀ ಭಯವಾಗಿರಲಿಲ್ಲ ಎಂದು ಹೇಳಲು ನನಗೆ ಧೈರ್ಯ ಬರುತ್ತದೆ. ಜೊತೆಗೆ, ಅವರ ಮನಸ್ಸಿನಲ್ಲಿ ಏನೇ ಇರಲಿ, ಶಾರದೆಯ ಪೂಜೆ ಮತ್ತೆ ನಡೆಯಿತು. ಆ ಪುಣ್ಯ ಅಲ್ಲಿನ ಭಕ್ತರಿಗೆ ಸಂದಾಯವಾಗಿದೆ.

ಈಗ ನನ್ನ ಲೆಕ್ಕ. ನಾನು ಆ ಮರುದಿನದ ಪರೀಕ್ಷೆಯಲ್ಲಿ ಫೇಲಾದವರ ಪಟ್ಟಿಯಲ್ಲಿದ್ದೇನೆ. ಆದರೆ ಯಾವುದಕ್ಕೂ ಇರಲಿ ಎಂದು ಮಾಡುವ ನಮಾಜ್‌ನಿಂದ ಏನೂ ಪ್ರಯೋಜನವಿಲ್ಲ ಎಂದು ನಾನು ಹೇಳುವುದಿಲ್ಲ. ಪ್ಯಾಸ್ಕಲ್ ಕೂಡ ಲೆಕ್ಕದಿಂದ ನಂಬಿಕೆ ಹುಟ್ಟುತ್ತದೆ ಎಂದು ಹೇಳಲಿಲ್ಲ. ನಂಬುವವರು ಮಾಡುವುದನ್ನು ಮಾಡುತ್ತಾ ಹೋದರೆ ರೂಢಿಯಿಂದ ಮನಸ್ಸು ಆ ಕಡೆ ವಾಲುತ್ತದೆ ಎಂದರು. ಭಯದಿಂದ ಬಾಗಿಲಿಗೆ ಬಂದವರೂ ಒಳಗೆ ಹೋಗಬಹುದು. ಬಂದು ಬಾಗಿಲಲ್ಲೇ ನಿಂತು, ಕೆಲಸ ಆದ ಮೇಲೆ ಚಪ್ಪಲಿ ಹಾಕಿಕೊಂಡು ಹೊರಟರೆ ಅದು ನಂಬಿಕೆಯಲ್ಲ.

ನಮ್ಮ ದಾದಿಗೆ ಈ ತರ್ಕವನ್ನೆಲ್ಲ ಹೇಳಿದೆ. ಅವರು ಶಿವನಸಮುದ್ರದ ಮರ್ದಾನೆ ಗೈಬ್ ದರ್ಗಾಕ್ಕೆ ಹೋಗುವವರು. ಅಲ್ಲಿಗೆ ನಮ್ಮವರಷ್ಟೇ ಅಲ್ಲ, ಎಲ್ಲ ಜಾತಿಯ ಜನ ಬರುತ್ತಾರೆ. ಹರಕೆ ಹೊರುವವರು ಬಹಳ, ಹರಕೆ ಈಡೇರಿದ ಮೇಲೆ ಹೇಳಿಹೋಗಲು ಬರುವವರು ಕಡಿಮೆ, ಏನೂ ಕೇಳದೆ ಸುಮ್ಮನೆ ಬಂದು ಕೂರುವವರು ಇನ್ನೂ ಕಡಿಮೆ ಎಂದಷ್ಟೇ ಅವರು ಹೇಳಿದರು.

ಈ ವರ್ಷ ಸೆಕೆಂಡ್ ಪಿಯುಸಿ. ಅಮ್ಮಿ ಮತ್ತೆ ತಾವೀಜ್ ಕಟ್ಟುತ್ತಾರೆ, ನಾನೂ ಕಟ್ಟಿಸಿಕೊಳ್ಳುತ್ತೇನೆ. ಕೊನೆಯ ಪೇಪರ್ ಯಾವ ದಿನ ಎಂದು ಎಲ್ಲರೂ ಟೈಮ್ ಟೇಬಲ್‌ನಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ನಾನು ಅದರ ಮರುದಿನದ ಫಜರ್‌ಗೆ ಗುರುತು ಹಾಕಿಕೊಂಡಿದ್ದೇನೆ.