ಹವಾಮಾನಕ್ಕೆ ಲೆಕ್ಕ ಹಾಕಿದ ಬ್ಯರ್ಕ್ನೆಸ್

ನಾರ್ವೆಯ ವಿಲ್ಹೆಲ್ಮ್ ಬ್ಯರ್ಕ್ನೆಸ್ 1862ರಲ್ಲಿ ಗಣಿತ ಪ್ರಾಧ್ಯಾಪಕರ ಮಗನಾಗಿ ಹುಟ್ಟಿದರು. ಇಂದಿನ ಗಾಳಿ, ಒತ್ತಡ, ಉಷ್ಣತೆ, ತೇವಾಂಶ ಸರಿಯಾಗಿ ಗೊತ್ತಿದ್ದರೆ ಭೌತಶಾಸ್ತ್ರದ ಸಮೀಕರಣಗಳಿಂದಲೇ ನಾಳೆಯ ಹವಾಮಾನ ತಿಳಿಯಬಹುದೆಂದು 1904ರಲ್ಲಿ ತೋರಿಸಿಕೊಟ್ಟರು. ಆದರೆ ಅಷ್ಟು ಲೆಕ್ಕ ಮಾಡುವ ಯಂತ್ರ ಆಗ ಇರಲಿಲ್ಲ.

ಮೊದಲ ಮಹಾಯುದ್ಧದಲ್ಲಿ ನಾರ್ವೆಗೆ ಆಹಾರದ ಕೊರತೆ ಬಂತು. ಹೊರದೇಶಗಳ ಹವಾಮಾನ ವರದಿಗಳೂ ನಿಂತವು. 1917ರಲ್ಲಿ ಜರ್ಮನಿಯಿಂದ ಬರ್ಗೆನ್ ನಗರಕ್ಕೆ ಬಂದ ಅವರು, ರೈತರಿಗೂ ಮೀನುಗಾರರಿಗೂ ಮುನ್ಸೂಚನೆ ಕೊಡಲೆಂದು ಕರಾವಳಿಯಲ್ಲಿ ವೀಕ್ಷಣಾ ಕೇಂದ್ರಗಳನ್ನು ಹೆಚ್ಚಿಸಿದರು. ಆ ವರದಿಗಳನ್ನು ನಕ್ಷೆಯಲ್ಲಿ ಗುರುತಿಸುತ್ತಿದ್ದ ಮಗ ಯಾಕೊಬ್‌ಗೆ ಒಂದು ಗುಟ್ಟು ಹೊಳೆಯಿತು. ಅಲ್ಲಿನ ಚಂಡಮಾರುತಗಳು ನಮ್ಮ ಬಂಗಾಳ ಕೊಲ್ಲಿಯವುಗಳಂತಲ್ಲ; ತಣ್ಣನೆಯ ಗಾಳಿಯೂ ಬೆಚ್ಚನೆಯ ಗಾಳಿಯೂ ಎದುರಾಗುವ ಗಡಿಯಲ್ಲಿ ಬೆಳೆಯುತ್ತವೆ. ಹಗುರವಾದ ಬೆಚ್ಚನೆಯ ಗಾಳಿ ಮೇಲೇರಿದಲ್ಲಿ ಮೋಡ ಕಟ್ಟಿ ಮಳೆಯಾಗುತ್ತದೆ. ಎರಡು ಸೈನ್ಯಗಳು ಎದುರುಬದುರಾದಂತಿದ್ದ ಆ ಗಡಿಗೆ ಯುದ್ಧಭೂಮಿಯ ಮಾತೇ ಹೆಸರಾಯಿತು: ಫ್ರಂಟ್.

1950ರಲ್ಲಿ ಅಮೆರಿಕದ ಎನಿಯಾಕ್ ಕಂಪ್ಯೂಟರ್ ಹವಾಮಾನದ ಲೆಕ್ಕ ಮಾಡಿತು. ಮರುವರ್ಷ ಬ್ಯರ್ಕ್ನೆಸ್ ತೀರಿಕೊಂಡರು. ಇಂದು ನಾವು ಮೊಬೈಲಿನಲ್ಲಿ ನೋಡುವ ಮಳೆಯ ಮುನ್ಸೂಚನೆಗೆ ಅವರ ಯೋಚನೆಯೇ ತಳಹದಿ. ಕಂಪ್ಯೂಟರನ್ನೇ ನಂಬಿ ದುಡಿಯುವ ನನಗೆ, ಯಂತ್ರ ಬರಲೆಂದು ಕಾಯದೆ ಅವರು ಜನರ ಕಷ್ಟಕ್ಕೆ ಒದಗಿದ್ದೇ ದೊಡ್ಡದಾಗಿ ಕಾಣುತ್ತದೆ.